ತಿಪಿಟಕ: ಎಲ್ಲಿಂದ ಓದಲು ಶುರು ಮಾಡಬೇಕು?

ಬುದ್ಧನ ಬಗ್ಗೆ ಬೇರೆಯವರು ಬರೆದದ್ದನ್ನು ನಾವೆಲ್ಲ ಬೇಕಾದಷ್ಟು ಓದಿರುತ್ತೇವೆ. ಪಠ್ಯಪುಸ್ತಕದಲ್ಲಿ ಓದಿದ್ದೇವೆ, ನಾಟಕದಲ್ಲಿ ನೋಡಿದ್ದೇವೆ, ಈಗಂತೂ ದಿನಾ ಬೆಳಗ್ಗೆ ವಾಟ್ಸಾಪ್‌ನಲ್ಲಿ ಬರುತ್ತದೆ. ಆದರೆ ಅವನ ಮಾತು ಎಂದು ಅತಿ ಹಳೆಯ ಕಾಲದಿಂದ ಉಳಿದುಬಂದ ಪಠ್ಯಗಳನ್ನೇ ತೆಗೆದು ಓದಿದವರು ಕಡಿಮೆ. ಓದಬೇಕು ಎಂಬ ಆಸೆ ಇರುತ್ತದೆ. ಆದರೆ ಆ ಪಠ್ಯಗಳ ಸಂಗ್ರಹವಾದ ತಿಪಿಟಕದ ಗಾತ್ರ ನೋಡಿದ ಕೂಡಲೇ ಕೈ ಹಿಂದಕ್ಕೆ ಬರುತ್ತದೆ. ನಾಲಂದಾದಿಂದ ದೇವನಾಗರಿಯಲ್ಲಿ ಬಂದ ಮುದ್ರಣವೇ 41 ಸಂಪುಟ.

ಧೈರ್ಯ ಮಾಡಿ ಮೊದಲ ಸಂಪುಟ ತೆಗೆದವರ ಪಾಡು ಇನ್ನೂ ಕಷ್ಟ. ಸಂಘದ ನಿಯಮಗಳಿರುವ ವಿನಯ ಪಿಟಕದ ಶುರುವಿನಲ್ಲೇ ಸುದಿನ್ನ ಎಂಬ ಭಿಕ್ಷುವಿನ ಪ್ರಕರಣ ಬರುತ್ತದೆ. ಅದರ ಹಿಂದೆಯೇ, ಬ್ರಹ್ಮಚರ್ಯ ಯಾವ ಯಾವ ರೀತಿಯಲ್ಲಿ ಮುರಿಯುತ್ತದೆ ಎಂದು ಕಾನೂನು ಪುಸ್ತಕದಂಥ ಉದ್ದುದ್ದ ಪಟ್ಟಿ. ಅದು ಬೇಡ ಎಂದು ಉಪದೇಶಗಳಿರುವ ಸುತ್ತ ಪಿಟಕಕ್ಕೆ ಹೋದರೆ ದೀಘ ನಿಕಾಯ ಎಂಬ ಭಾಗದ ಮೊದಲ ಸುತ್ತವೇ, ಅಂದರೆ ಮೊದಲ ಉಪದೇಶವೇ, ಬ್ರಹ್ಮಜಾಲ. ಆ ಕಾಲದ 62 ವಾದಗಳನ್ನು ಅದು ಒಂದೊಂದಾಗಿ ಹೇಳುತ್ತದೆ. ಮಜ್ಝಿಮ ನಿಕಾಯದ ಮೊದಲ ಸುತ್ತವಂತೂ ಎಷ್ಟು ಬಿಗಿಯಾಗಿದೆ ಎಂದರೆ, ಕೇಳಿದ ಭಿಕ್ಷುಗಳಿಗೇ ಆ ಮಾತು ಹಿಡಿಸಲಿಲ್ಲ ಎಂದು ಪಠ್ಯವೇ ಕೊನೆಯಲ್ಲಿ ಒಪ್ಪಿಕೊಳ್ಳುತ್ತದೆ. ಎದುರಿಗೆ ಕೂತು ಕೇಳಿದವರ ಗತಿಯೇ ಹಾಗಾದರೆ ನಮ್ಮ ಗತಿ ಏನು, ಅಲ್ವಾ?

ಹಾಗಾಗಿ ನನ್ನ ಮೊದಲ ಸಲಹೆ: ಮೊದಲ ಪುಟದಿಂದ ಶುರು ಮಾಡಬೇಡಿ. ಈ ಸಂಗ್ರಹವನ್ನು ಓದುವವರಿಗಾಗಿ ಜೋಡಿಸಿಲ್ಲ. ಬಾಯಿಪಾಠ ಮಾಡುವವರಿಗಾಗಿ, ಕೇಳುವವರಿಗಾಗಿ ಜೋಡಿಸಿದ್ದಾರೆ. ಇದೊಂದು ಮನಸ್ಸಿನಲ್ಲಿದ್ದರೆ ಅರ್ಧ ಕಷ್ಟ ಕಳೆಯಿತು.

ಹಂತ 1: ಏನೇನಿದೆ ಎಂದು ತಿಳಿದುಕೊಳ್ಳಿ

ಬುದ್ಧ ತೀರಿಕೊಂಡ ಮೇಲೆ ರಾಜಗೃಹದಲ್ಲಿ ಹಿರಿಯ ಭಿಕ್ಷುಗಳು ಸೇರಿದರು ಎನ್ನುತ್ತದೆ ಪರಂಪರೆ. ಮಹಾಕಸ್ಸಪ ಪ್ರಶ್ನೆ ಕೇಳಿದ. ಉಪಾಲಿ ಸಂಘದ ನಿಯಮಗಳನ್ನು ಹೇಳಿದ. ಆನಂದ ಉಪದೇಶಗಳನ್ನು ಹೇಳಿದ. ಸುತ್ತಗಳು ಸಾಮಾನ್ಯವಾಗಿ ‘ಏವಂ ಮೇ ಸುತಂ’, ಅಂದರೆ ‘ನಾನು ಹೀಗೆ ಕೇಳಿದ್ದೇನೆ’ ಎಂದು ಶುರುವಾಗುವುದು ಅದಕ್ಕೇ. ಆ ‘ನಾನು’ ಆನಂದ ಎಂದು ಪರಂಪರೆಯ ನಂಬಿಕೆ.

ಅಲ್ಲಿಂದ ಮುಂದೆ ಕೆಲವು ನೂರು ವರ್ಷ ಇದೆಲ್ಲ ನಾಲಿಗೆಯ ಮೇಲೇ ಉಳಿಯಿತು. ಇಂಥ ಭಾಗ ಇಂಥವರ ಪಾಲು ಎಂದು ಹಂಚಿಕೊಂಡು ಕಲಿಯುವ ಭಾಣಕರು ಇದ್ದರು. ಬರಹಕ್ಕೆ ಇಳಿದದ್ದು ಕ್ರಿ.ಪೂ. 1ನೇ ಶತಮಾನದಲ್ಲಿ, ಶ್ರೀಲಂಕಾದ ರಾಜ ವಟ್ಟಗಾಮಣಿಯ ಕಾಲದಲ್ಲಿ, ಮಾತಲೆ ಹತ್ತಿರದ ಅಲುವಿಹಾರದಲ್ಲಿ. ಬರಗಾಲ, ಯುದ್ಧ ಎರಡೂ ಬಂದು ಬಾಯಿಪಾಠ ಇದ್ದವರೇ ಸಾಯುವ ಹೊತ್ತಿಗೆ ಬರೆದಿಡಬೇಕು ಎನ್ನಿಸಿತು.

ಪಿಟಕ ಮೂರು. ವಿನಯ ಪಿಟಕ ಸಂಘದ ನಿಯಮ. ಭಿಕ್ಷುಗಳಿಗೆ 227, ಭಿಕ್ಷುಣಿಯರಿಗೆ 311. ಸುತ್ತ ಪಿಟಕ ಉಪದೇಶ, ಸಂವಾದ, ಕಥೆ, ಹಾಡು. ಅಭಿಧಮ್ಮ ಪಿಟಕ ಏಳು ಪುಸ್ತಕ, ಮನಸ್ಸಿನ ಸೂಕ್ಷ್ಮ ವಿಂಗಡಣೆ. ನಾವು ಮುಖ್ಯವಾಗಿ ಇರುವುದು ನಡುವಿನದರಲ್ಲಿ.

ಸುತ್ತ ಪಿಟಕದಲ್ಲಿ ಐದು ನಿಕಾಯಗಳು. ಉದ್ದದ 34 ಸುತ್ತಗಳು ದೀಘ ನಿಕಾಯ. ಮಧ್ಯಮ ಅಳತೆಯ 152 ಸುತ್ತಗಳು ಮಜ್ಝಿಮ ನಿಕಾಯ. ವಿಷಯಕ್ಕೆ ತಕ್ಕಂತೆ 56 ಗುಂಪು ಮಾಡಿದ ಚಿಕ್ಕ ಸುತ್ತಗಳು ಸಂಯುತ್ತ ನಿಕಾಯ. ಒಂದರ ಪಟ್ಟಿ, ಎರಡರ ಪಟ್ಟಿ ಎಂದು ಹನ್ನೊಂದರವರೆಗೆ ಹೋಗುವುದು ಅಂಗುತ್ತರ ನಿಕಾಯ. ಉಳಿದದ್ದೆಲ್ಲ ಖುದ್ದಕ ನಿಕಾಯ. ಧಮ್ಮಪದ, ಸುತ್ತನಿಪಾತ, ಜಾತಕ, ಥೇರಿಗಾಥಾ ಎಲ್ಲ ಇದರೊಳಗೆ. ಶ್ರೀಲಂಕಾದ ಲೆಕ್ಕದಲ್ಲಿ ಇದರಲ್ಲಿ 15 ಪುಸ್ತಕ. ಬರ್ಮಾದವರು ಮಿಲಿಂದಪಞ್ಹ ಸೇರಿ ಇನ್ನೂ ಮೂರನ್ನು ಸೇರಿಸಿ 18 ಎನ್ನುತ್ತಾರೆ.

ನೋಡಿ, ಜೋಡಣೆ ಅಳತೆಯ ಮೇಲೆ, ವಿಷಯದ ಮೇಲೆ, ಇಲ್ಲವೇ ಸಂಖ್ಯೆಯ ಮೇಲೆ. ನೆನಪಿಡಲು ಇದು ಅನುಕೂಲ. ಸುಲಭದಿಂದ ಕಷ್ಟಕ್ಕೆ ಎಂಬ ಕ್ರಮ ಇಲ್ಲಿ ಇಲ್ಲವೇ ಇಲ್ಲ. ಕ್ರಮವನ್ನು ನಾವೇ ಮಾಡಿಕೊಳ್ಳಬೇಕು.

ಹಂತ 2: ವಿಳಾಸ ಓದಲು ಕಲಿಯಿರಿ

ಪ್ರತಿ ಸುತ್ತಕ್ಕೂ ಒಂದು ಸಂಖ್ಯೆ ಇದೆ. ದೀಘ 16 ಎಂದರೆ ದೀಘ ನಿಕಾಯದ ಹದಿನಾರನೆಯ ಸುತ್ತ. ಸಂಯುತ್ತ 56.11 ಎಂದರೆ ಐವತ್ತಾರನೆಯ ಗುಂಪಿನ ಹನ್ನೊಂದನೆಯದು. ಅಂಗುತ್ತರ 3.65 ಎಂದರೆ ಮೂರರ ಪಟ್ಟಿಯ ಅರವತ್ತೈದನೆಯದು. ಇಂಗ್ಲಿಷ್ ತಾಣಗಳಲ್ಲಿ ಇವನ್ನೇ ಡಿಎನ್, ಎಮ್‌ಎನ್, ಎಸ್‌ಎನ್, ಎಎನ್ ಎಂದು ಬರೆಯುತ್ತಾರೆ. ಮುದ್ರಣದಿಂದ ಮುದ್ರಣಕ್ಕೆ ಒಂದೆರಡು ಅಂಕಿ ಆಚೀಚೆ ಆಗುವುದುಂಟು. ಅಂಗುತ್ತರ 3.65 ಬರ್ಮಾ ಮುದ್ರಣದಲ್ಲಿ 3.66. ಹೆಸರನ್ನೂ ಬರೆದಿಟ್ಟುಕೊಂಡರೆ ಗೊಂದಲ ಇರುವುದಿಲ್ಲ.

ಇದರಿಂದ ಇನ್ನೊಂದು ಉಪಯೋಗವೂ ಇದೆ. ಯಾರಾದರೂ ‘ಬುದ್ಧ ಹೀಗೆ ಹೇಳಿದ’ ಎಂದು ಕಳಿಸಿದರೆ ವಿಳಾಸ ಕೇಳಿ. ವಿಳಾಸ ಇಲ್ಲದ ಮಾತು ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ದೂರ ಇಡಿ.

ಪಠ್ಯಗಳು ಸಿಗುವುದು ಈಗ ಕಷ್ಟವಿಲ್ಲ. ಸುತ್ತಸೆಂಟ್ರಲ್ ಎಂಬ ತಾಣದಲ್ಲಿ ಈ ಪಠ್ಯಗಳ ಮೂಲ ಭಾಷೆಯಾದ ಪಾಳಿಯ ಪಾಠ ಮತ್ತು ಹಲವು ಭಾಷೆಗಳ ಅನುವಾದ ಪುಕ್ಕಟೆಯಾಗಿ ಸಿಗುತ್ತವೆ. ರಂಗೂನಿನಲ್ಲಿ 1954ರಿಂದ 1956ರವರೆಗೆ ನಡೆದ ಆರನೆಯ ಸಂಗಾಯನದ, ಅಂದರೆ ಪಠ್ಯಗಳನ್ನು ಒಟ್ಟಿಗೆ ಹೇಳಿ ಪರಿಶೀಲಿಸುವ ಭಿಕ್ಷುಗಳ ಸಭೆಯ, ಪಾಠವನ್ನು ವಿಪಶ್ಯನಾ ಸಂಶೋಧನಾ ಸಂಸ್ಥೆ ಹಲವು ಲಿಪಿಗಳಲ್ಲಿ ಇಟ್ಟಿದೆ. ಕನ್ನಡ ಲಿಪಿಯೂ ಅದರಲ್ಲಿ ಇದೆ. ಇದು ನಮಗೆ ದೊಡ್ಡ ಅನುಕೂಲ. ಪಾಳಿಗೆ ತನ್ನದೇ ಲಿಪಿ ಇಲ್ಲ. ನಮ್ಮ ಅಕ್ಷರದಲ್ಲಿ ಬರೆದರೆ ಬರೆದಂತೆಯೇ ಓದಬಹುದು. ಅದರಲ್ಲಿ ‘ಳ’ ಕೂಡ ಇದೆ, ಹಿಂದಿಯವರ ಹಾಗೆ ನಾವು ತಡವರಿಸಬೇಕಾಗಿಲ್ಲ.

ಕನ್ನಡ ಅನುವಾದ ಬೇಕೆನ್ನುವವರಿಗೆ ಬಿಡಿಬಿಡಿಯಾಗಿ ಸಾಕಷ್ಟು ಸಿಗುತ್ತದೆ. ಜಿ.ಪಿ. ರಾಜರತ್ನಂ ಪಾಳಿ ಕಲಿತು ಬೌದ್ಧ ಕಥೆಗಳನ್ನು ತಿಳಿಗನ್ನಡಕ್ಕೆ ತಂದರು. ಬೆಂಗಳೂರಿನ ಗಾಂಧಿನಗರದಲ್ಲಿ 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ ಮಹಾಬೋಧಿ ಸೊಸೈಟಿ ಕನ್ನಡದಲ್ಲೂ ಪುಸ್ತಕ ಪ್ರಕಟಿಸುತ್ತಾ ಬಂದಿದೆ. ಬೈಲಕುಪ್ಪೆಗೆ ಹೋಗಿ ಅಲ್ಲಿನ ದೊಡ್ಡ ದೊಡ್ಡ ಗ್ರಂಥಗಳನ್ನು ನೋಡಿ ‘ಇದೇ ತಿಪಿಟಕ’ ಎಂದುಕೊಳ್ಳಬೇಡಿ. ಅದು ಟಿಬೆಟಿನ ಕಂಗ್ಯೂರ್. ಅದರ ದಾರಿ ಬೇರೆ.

ಮೂಲದಲ್ಲೇ ಓದಬೇಕೇ, ಅನುವಾದ ಸಾಕೇ ಎಂಬ ಚಿಂತೆ ಬೇಡ. ವಿನಯ ಪಿಟಕದ ಚುಲ್ಲವಗ್ಗದಲ್ಲಿ ಇಬ್ಬರು ಭಿಕ್ಷುಗಳು ಬಂದು, ‘ಬುದ್ಧವಚನವನ್ನು ಪಂಡಿತರ ಛಂದಸ್ಸಿಗೆ ಹಾಕುತ್ತೇವೆ’ ಎನ್ನುತ್ತಾರೆ. ಬುದ್ಧ ಬೈದು, ಅವರವರ ಮಾತಿನಲ್ಲೇ ಕಲಿಯಲಿ ಎಂದು ಕಳಿಸುತ್ತಾನೆ.

ಹಂತ 3: ರಾಹುಲನಿಂದ ಶುರು ಮಾಡಿ

ಮೊದಲು ಓದಬೇಕಾದ ಸುತ್ತ ಯಾವುದು ಎಂದರೆ ನನ್ನ ಉತ್ತರ ಮಜ್ಝಿಮ 61. ಇದು ನನ್ನೊಬ್ಬನ ಆಯ್ಕೆಯಲ್ಲ. ಅಶೋಕನದು.

ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಅಶೋಕನ ಒಂದು ಶಾಸನ ಈಗ ಕೋಲ್ಕತ್ತದಲ್ಲಿದೆ. ಅದರಲ್ಲಿ ಅವನು ಸಂಘಕ್ಕೆ ನಮಸ್ಕಾರ ಹೇಳಿ, ‘ಬುದ್ಧ ಹೇಳಿದ್ದೆಲ್ಲ ಒಳ್ಳೆಯದೇ. ಆದರೂ ಈ ಏಳು ಪಾಠಗಳನ್ನು ಭಿಕ್ಷು ಭಿಕ್ಷುಣಿಯರೂ ಉಪಾಸಕ ಉಪಾಸಿಕೆಯರೂ ಮತ್ತೆ ಮತ್ತೆ ಕೇಳಬೇಕು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು’ ಎಂದು ಪಟ್ಟಿ ಕೊಡುತ್ತಾನೆ. ಬಹುಶಃ ಬೌದ್ಧ ಪಠ್ಯಗಳ ಅತಿ ಹಳೆಯ ಓದುಪಟ್ಟಿ ಇದೇ. ಅಷ್ಟು ದೊಡ್ಡ ಚಕ್ರವರ್ತಿಯೂ ಎಲ್ಲವನ್ನೂ ಓದಿ ಎನ್ನಲಿಲ್ಲ, ಏಳನ್ನು ಆರಿಸಿದ. ಅದರಲ್ಲಿ ಒಂದು, ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಉಪದೇಶ. ನಮ್ಮ ಮಸ್ಕಿಯ ಬಂಡೆಯ ಮೇಲೆ ಹೆಸರು ಕೆತ್ತಿಸಿದ ಅದೇ ಅಶೋಕ.

ಸುತ್ತದಲ್ಲಿ ನಡೆಯುವುದು ಇಷ್ಟು. ಬುದ್ಧ ಮಗನನ್ನು ನೋಡಲು ಅಂಬಲಟ್ಠಿಕಕ್ಕೆ ಬರುತ್ತಾನೆ. ರಾಹುಲ ಆಸನ ಹಾಕಿ, ಕಾಲು ತೊಳೆಯಲು ನೀರಿಡುತ್ತಾನೆ. ಬುದ್ಧ ಕಾಲು ತೊಳೆದು ಪಾತ್ರೆಯ ತಳದಲ್ಲಿ ಸ್ವಲ್ಪ ನೀರು ಉಳಿಸುತ್ತಾನೆ. ‘ಇದು ಕಾಣುತ್ತಾ ರಾಹುಲ? ಬೇಕೆಂದೇ ಸುಳ್ಳು ಹೇಳಿ ನಾಚದವನ ಸಾಧನೆ ಇಷ್ಟೇ.’ ಆ ನೀರನ್ನೂ ಚೆಲ್ಲುತ್ತಾನೆ. ‘ಅವನ ಸಾಧನೆ ಹೀಗೆ ಚೆಲ್ಲಿಹೋಗಿದೆ.’ ಪಾತ್ರೆಯನ್ನು ಬೋರಲು ಹಾಕುತ್ತಾನೆ. ಮತ್ತೆ ಎತ್ತಿ ಖಾಲಿ ಒಳಗನ್ನು ತೋರಿಸುತ್ತಾನೆ. ಆಮೇಲೆ ಕೇಳುತ್ತಾನೆ, ‘ಕನ್ನಡಿ ಇರುವುದು ಯಾತಕ್ಕೆ?’ ‘ನೋಡಿಕೊಳ್ಳಲು.’ ‘ಹಾಗೆಯೇ ಒಂದು ಕೆಲಸ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊ. ಇದರಿಂದ ನನಗೆ ನೋವಾಗುತ್ತದೆಯೇ? ಬೇರೆಯವರಿಗೆ ನೋವಾಗುತ್ತದೆಯೇ?’ ಮಾತಿಗೂ ಇದೇ, ಮನಸ್ಸಿಗೂ ಇದೇ.

ಕೈಗೆ ಸಿಕ್ಕಿದ ಪಾತ್ರೆ ಹಿಡಿದು ಹುಡುಗನಿಗೆ ಪಾಠ ಹೇಳುವ ಅಪ್ಪ ಇಲ್ಲಿ ಕಾಣುತ್ತಾನೆ. ದೊಡ್ಡ ತತ್ವದ ಹೆಸರು ಒಂದೂ ಬರುವುದಿಲ್ಲ. ಆರಂಭಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಹಂತ 4: ಗಟ್ಟಿಯಾಗಿ ಓದಿ

ಇದೇ ಸುತ್ತದಲ್ಲಿ ನಿಮಗೆ ಮೊದಲ ತೊಡಕು ಎದುರಾಗುತ್ತದೆ. ದೇಹದ ಬಗ್ಗೆ ಹೇಳಿದ್ದನ್ನೇ ಮಾತಿನ ಬಗ್ಗೆ, ಮನಸ್ಸಿನ ಬಗ್ಗೆ, ಶಬ್ದಕ್ಕೆ ಶಬ್ದ ತಿರುಗಿ ಹೇಳುತ್ತಾರೆ. ಕಣ್ಣಿನಲ್ಲಿ ಓದುವವರಿಗೆ ಇದು ಬೇಸರ. ‘ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತಲ್ಲ’ ಎನ್ನಿಸುತ್ತದೆ.

ನೂರಾರು ಜನ ಒಟ್ಟಿಗೆ ಹೇಳುವ ಪಠ್ಯಕ್ಕೆ ಈ ತಿರುಗಣಿ ಬೇಕೇ ಬೇಕು. ಒಬ್ಬ ತಪ್ಪಿದರೆ ಪಕ್ಕದವನ ಬಾಯಿ ತಿದ್ದುತ್ತದೆ. ಜಾನಪದ ಮಹಾಕಾವ್ಯ ಹಾಡುವವರ ಬಾಯಲ್ಲಿ ಸೊಲ್ಲು ಮರಳಿ ಬರುವುದನ್ನು ಕೇಳಿದವರಿಗೆ ಇದು ಹೊಸದೇನಲ್ಲ. ಕೇಳುವವನಿಗೂ ಅದು ಬೇಕು. ಮೂರನೆಯ ಸಲ ಬರುವ ಹೊತ್ತಿಗೆ ಮನಸ್ಸು ವಾಕ್ಯವನ್ನು ಬಿಟ್ಟು ಅರ್ಥದ ಕಡೆ ತಿರುಗಿರುತ್ತದೆ.

ಹಾಗಾಗಿ ಗಟ್ಟಿಯಾಗಿ ಓದಿ. ಮನೆಯಲ್ಲಿ ಇನ್ನೊಬ್ಬರು ಕೇಳುವವರಿದ್ದರೆ ಇನ್ನೂ ಒಳ್ಳೆಯದು. ಒಬ್ಬರು ಬುದ್ಧನ ಮಾತು, ಒಬ್ಬರು ಎದುರಿನವರ ಮಾತು ಓದಬಹುದು. ಮುದ್ರಿತ ಪಾಳಿಯಲ್ಲಿ ನಡುನಡುವೆ ‘…ಪೇ…’ ಎಂದು ಕಾಣುತ್ತದೆ. ಹಿಂದೆ ಬಂದ ಭಾಗವೇ ಇಲ್ಲಿ ಮತ್ತೆ ಬರುತ್ತದೆ, ಜಾಗ ಉಳಿಸಲು ಬಿಟ್ಟಿದ್ದಾರೆ ಎಂದರ್ಥ. ಅನುವಾದಗಳಲ್ಲಿ ಬರೀ ಚುಕ್ಕಿಗಳು ಇರುತ್ತವೆ. ಮೊದಲ ಕೆಲವು ಸುತ್ತಗಳಲ್ಲಿ ಬಿಟ್ಟದ್ದನ್ನು ತುಂಬಿಕೊಂಡೇ ಓದಿ ನೋಡಿ.

ಒಂದು ಸಲಕ್ಕೆ ಒಂದೇ ಸುತ್ತ. ಜಾಸ್ತಿ ಬೇಡ.

ಹಂತ 5: ಮನೆಮಂದಿಯ ಸುತ್ತಗಳು

ಸುತ್ತಗಳಲ್ಲಿ ಎಲ್ಲವೂ ಸನ್ಯಾಸಿಗಳಿಗೆ ಹೇಳಿದ್ದಲ್ಲ. ಎರಡನೆಯದಾಗಿ ದೀಘ 31 ಓದಿ. ಸಿಗಾಲ ಎಂಬ ಯುವಕ ಬೆಳಗ್ಗೆ ಒದ್ದೆ ಬಟ್ಟೆ, ಒದ್ದೆ ತಲೆಯಲ್ಲಿ ನಿಂತು ಆರು ದಿಕ್ಕಿಗೆ ಕೈ ಮುಗಿಯುತ್ತಿರುತ್ತಾನೆ. ಅಪ್ಪ ಸಾಯುವಾಗ ಹೇಳಿದ್ದಕ್ಕೆ ಮಾಡುತ್ತಿದ್ದಾನೆ. ಬುದ್ಧ ಅವನನ್ನು ಹೀಗಳೆಯುವುದಿಲ್ಲ. ದಿಕ್ಕುಗಳಿಗೆ ಬೇರೆ ಹೆಸರು ಕೊಡುತ್ತಾನೆ. ಪೂರ್ವ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಕೆಳಗೆ ಆಳುಕಾಳು, ಮೇಲೆ ಶ್ರಮಣರು. ಪ್ರತಿಯೊಂದು ಕಡೆಗೂ ಇವನು ಮಾಡಬೇಕಾದ್ದು ಐದು. ಅವರು ತಿರುಗಿ ಮಾಡಬೇಕಾದ್ದೂ ಇದೆ.

ಯಜಮಾನನಿಗೆ ಹೇಳಿದ ಐದನ್ನು ಗಮನಿಸಿ. ಶಕ್ತಿ ನೋಡಿ ಕೆಲಸ ಕೊಡು. ಊಟ, ಕೂಲಿ ಕೊಡು. ಕಾಯಿಲೆ ಬಿದ್ದರೆ ನೋಡಿಕೊ. ವಿಶೇಷ ಅಡುಗೆ ಮಾಡಿದ ದಿನ ಹಂಚಿಕೊ. ಹೊತ್ತಿಗೆ ಸರಿಯಾಗಿ ಬಿಟ್ಟು ಕಳಿಸು. ಇವತ್ತು ಮನೆಗೆಲಸದವರನ್ನು ಇಟ್ಟುಕೊಂಡವರು ಯಾರು ಬೇಕಾದರೂ ಈ ಪಟ್ಟಿಯನ್ನು ಅಡುಗೆಮನೆ ಗೋಡೆಗೆ ಅಂಟಿಸಬಹುದು.

ಇದರ ಜೊತೆ ಸಂಯುತ್ತ 3.13 ಸೇರಿಸಿ. ಅರ್ಧ ಪುಟವೂ ಇಲ್ಲ. ಕೋಸಲದ ರಾಜ ಪಸೇನದಿ ಹೊಟ್ಟೆ ಬಿರಿಯ ಉಂಡು ಏದುಸಿರು ಬಿಡುತ್ತಾ ಬುದ್ಧನ ಹತ್ತಿರ ಬರುತ್ತಾನೆ. ಮಿತವಾಗಿ ಉಣ್ಣುವವನ ಬಗ್ಗೆ ಬುದ್ಧ ಒಂದು ಪದ್ಯ ಹೇಳುತ್ತಾನೆ. ರಾಜ ಅದನ್ನು ಸುದಸ್ಸನ ಎಂಬ ಹುಡುಗನಿಗೆ ಕಲಿಸಿ, ದಿನಾ ಊಟದ ಹೊತ್ತಿಗೆ ಹೇಳಲು ನೂರು ಕಹಾಪಣ ಸಂಬಳ ಇಡುತ್ತಾನೆ. ಕ್ರಮೇಣ ಮೈ ಇಳಿಯುತ್ತದೆ. ಹಳೆಯ ಧರ್ಮಗ್ರಂಥ ಎಂದರೆ ಮುಖ ಗಂಟು ಹಾಕಿಕೊಂಡೇ ಓದಬೇಕು ಎನ್ನುವವರಿಗೆ ಇದನ್ನು ತೋರಿಸಿ.

ಮೂರನೆಯದು ಅಂಗುತ್ತರ 3.65, ಕಾಲಾಮರು ಎಂಬ ಜನರಿಗೆ ಹೇಳಿದ್ದು. ಇದರ ಅರ್ಧ ಭಾಗ ಎಲ್ಲರಿಗೂ ಗೊತ್ತು. ಕೇಳಿದ ಮಾತು ಎಂದು ನಂಬಬೇಡಿ, ಪರಂಪರೆ ಎಂದು ನಂಬಬೇಡಿ, ಗ್ರಂಥದಲ್ಲಿದೆ ಎಂದು ನಂಬಬೇಡಿ, ಬರೀ ತರ್ಕಕ್ಕೆ ಕೂತಿತೆಂದು ನಂಬಬೇಡಿ, ಈ ಶ್ರಮಣ ನಮ್ಮ ಗುರು ಎಂದೂ ನಂಬಬೇಡಿ. ಭಾಷಣಗಳಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ. ಸುತ್ತ ನಿಲ್ಲುವುದಿಲ್ಲ. ಲೋಭ, ದ್ವೇಷ, ಮೋಹ ಒಳಗೆ ಎದ್ದಾಗ ಮನುಷ್ಯ ಕೊಲ್ಲುತ್ತಾನೋ ಇಲ್ಲವೋ, ಕದಿಯುತ್ತಾನೋ ಇಲ್ಲವೋ ಎಂದು ಬುದ್ಧ ಅವರ ಬಾಯಿಂದಲೇ ಉತ್ತರ ಬರಿಸುತ್ತಾನೆ. ತಿಳಿದವರು ಇದನ್ನು ಒಪ್ಪುತ್ತಾರೋ ಎಂಬುದನ್ನೂ ಕೇಳುತ್ತಾನೆ. ಮನಸ್ಸಿಗೆ ಬಂದದ್ದು ನಂಬಿ ಎಂಬ ರಜಾ ಚೀಟಿ ಅಲ್ಲ ಅದು. ಪೂರ್ತಿ ಓದಿ.

ಹಂತ 6: ಬುದ್ಧನ ಬದುಕನ್ನು ಚೂರುಚೂರಾಗಿ ಜೋಡಿಸಿ

ಸುತ್ತ ಪಿಟಕದಲ್ಲಿ ಬುದ್ಧನ ಜೀವನಚರಿತ್ರೆ ಎಂಬ ಪುಸ್ತಕ ಇಲ್ಲ. ಹುಡುಕಿದವರಿಗೆ ಆಶ್ಚರ್ಯ ಆಗುತ್ತದೆ. ಮುದುಕ, ರೋಗಿ, ಹೆಣ, ಸನ್ಯಾಸಿ ಈ ನಾಲ್ಕು ನೋಟಗಳ ಕಥೆ ದೀಘ 14ರಲ್ಲಿ ಇದೆ. ಆದರೆ ಅಲ್ಲಿ ಅದು ಗೋತಮನ ಕಥೆಯಲ್ಲ. ಬಹಳ ಹಿಂದಿನ ವಿಪಸ್ಸಿ ಎಂಬ ಬುದ್ಧನದು. ಸಾಸಿವೆ ಕಾಳು ತರಲು ಹೋದ ಕಿಸಾಗೋತಮಿಯ ಕಥೆ ಬರುವುದು ಅಟ್ಠಕಥೆಗಳಲ್ಲಿ, ಅಂದರೆ ಆಮೇಲೆ ಬಂದ ವ್ಯಾಖ್ಯಾನಗಳಲ್ಲಿ. ಕಥೆ ಸುಳ್ಳು ಎನ್ನುತ್ತಿಲ್ಲ. ಯಾವ ಪದರದ್ದು ಎಂದು ತಿಳಿದಿರಲಿ ಎಂದಷ್ಟೇ.

ಮನೆ ಬಿಟ್ಟ ಬಗ್ಗೆ ಬುದ್ಧನ ಬಾಯಲ್ಲೇ ಬರುವ ಮಾತು ಮಜ್ಝಿಮ 26ರಲ್ಲಿದೆ. ಅದು ಒಂದು ವಾಕ್ಯ. ತಲೆಗೂದಲು ಇನ್ನೂ ಕಪ್ಪಾಗಿದ್ದಾಗ, ತುಂಬು ಯೌವನದಲ್ಲಿ, ತಂದೆತಾಯಿ ಒಪ್ಪದೆ ಕಣ್ಣೀರು ಹಾಕಿ ಅಳುತ್ತಿರುವಾಗ, ತಲೆ ಗಡ್ಡ ಬೋಳಿಸಿ ಹೊರಟೆ. ನಡುರಾತ್ರಿ ಇಲ್ಲ, ಮಲಗಿದ ಹೆಂಡತಿಯ ಮುಖ ಇಲ್ಲ, ಕುದುರೆ ಕಂಥಕ ಇಲ್ಲ. ನಾಟಕ ನೋಡಿ ಬೆಳೆದ ನಮಗೆ ಈ ಸಾಲು ಮೊದಲು ಸಪ್ಪೆ ಎನ್ನಿಸಬಹುದು. ಎರಡನೆಯ ಸಲ ಓದಿದರೆ ಅಳುವ ಅಪ್ಪ ಅಮ್ಮನ ಎದುರಿಗೇ ಹೊರಟವನು ಕಳ್ಳಹೆಜ್ಜೆಯಲ್ಲಿ ಹೋದವನಿಗಿಂತ ದೊಡ್ಡ ಸಂಕಟದಲ್ಲಿದ್ದ ಎಂದು ನನಗನ್ನಿಸುತ್ತದೆ.

ಆಮೇಲೆ ದೀಘ 16, ಮಹಾಪರಿನಿಬ್ಬಾಣ ಸುತ್ತ. ಇದು ಉದ್ದ ಇದೆ, ನಾಲ್ಕೈದು ದಿನಕ್ಕೆ ಹಂಚಿಕೊಳ್ಳಿ. ರಾಜಗೃಹದಿಂದ ಕುಸಿನಾರದವರೆಗೆ ಎಂಬತ್ತು ವರ್ಷದ ಮುದುಕನ ಕೊನೆಯ ನಡಿಗೆ. ‘ಹಳೆಯ ಗಾಡಿಯನ್ನು ಪಟ್ಟಿ ಕಟ್ಟಿ ಓಡಿಸಿದ ಹಾಗೆ ಈ ದೇಹ ಓಡುತ್ತಿದೆ’ ಎನ್ನುತ್ತಾನೆ. ಗಣಿಕೆ ಅಂಬಪಾಲಿ ಊಟಕ್ಕೆ ಕರೆದು, ಲಿಚ್ಛವಿ ರಾಜಕುಮಾರರು ಎಷ್ಟು ಕೇಳಿದರೂ ಆ ಅವಕಾಶ ಬಿಟ್ಟುಕೊಡುವುದಿಲ್ಲ. ಕಮ್ಮಾರನ ಮಗ ಚುಂದ ಬಡಿಸಿದ ಊಟದ ನಂತರ ರಕ್ತಭೇದಿ ಶುರುವಾಗುತ್ತದೆ. ಸಾಯುವ ಹೊತ್ತಿನಲ್ಲೂ ಬುದ್ಧನಿಗೆ ಚುಂದನದೇ ಚಿಂತೆ. ‘ನಿನ್ನ ಊಟದಿಂದ ಹೀಗಾಯಿತು ಎಂದು ಯಾರಾದರೂ ಅವನನ್ನು ನೋಯಿಸಿಯಾರು. ನಿನ್ನ ದಾನ ದೊಡ್ಡದು ಎಂದು ಅವನಿಗೆ ಹೇಳು’ ಎಂದು ಆನಂದನಿಗೆ ಹೇಳಿ ಕಳಿಸುತ್ತಾನೆ. ಆನಂದ ಬಾಗಿಲಿಗೆ ಒರಗಿ, ‘ನಾನಿನ್ನೂ ಕಲಿಯುತ್ತಲೇ ಇದ್ದೇನೆ, ನನ್ನ ಗುರು ಹೋಗುತ್ತಿದ್ದಾರೆ’ ಎಂದು ಅಳುತ್ತಾನೆ. ತಿಪಿಟಕದಲ್ಲಿ ಒಂದೇ ಒಂದು ದೊಡ್ಡ ಸುತ್ತ ಓದುತ್ತೇನೆ ಎನ್ನುವವರು ಇದನ್ನೇ ಓದಲಿ.

ಹಂತ 7: ಪದ್ಯಗಳು

ಧಮ್ಮಪದದಲ್ಲಿ 26 ವಗ್ಗ (ಅಧ್ಯಾಯ), 423 ಪದ್ಯ. ಎಲ್ಲರೂ ಇದರಿಂದಲೇ ಶುರು ಮಾಡಿ ಎನ್ನುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಒಂದರ ಹಿಂದೆ ಒಂದು ಓದುತ್ತಾ ಹೋದರೆ ಬರೀ ನೀತಿಮಾತು ಕೇಳಿದ ಹಾಗಾಗುತ್ತದೆ. ದಿನಕ್ಕೆ ಒಂದು ಪದ್ಯ, ಮೂಲ ಪಾಳಿ ಸಮೇತ, ಬಾಯಿಪಾಠ ಆಗುವಷ್ಟು. ಅದೇ ಅದನ್ನು ಓದುವ ರೀತಿ.

ಅದಕ್ಕಿಂತ ಸುತ್ತನಿಪಾತ ಹಿಡಿಯಿರಿ. ಇದರ ಕೆಲವು ಭಾಗಗಳು ಇಡೀ ಸಂಗ್ರಹದಲ್ಲೇ ಅತಿ ಹಳೆಯವು ಎಂದು ವಿದ್ವಾಂಸರ ಅಭಿಪ್ರಾಯ. ಎರಡನೆಯ ಸುತ್ತ ದನಗಾಹಿ ಧನಿಯನದು. ಮೋಡ ಕಟ್ಟಿದೆ. ಮಹೀ ನದಿಯ ದಡದಲ್ಲಿ ಧನಿಯ ಹೇಳುತ್ತಾನೆ:

ಅನ್ನ ಬೆಂದಿದೆ, ಹಾಲು ಕರೆದಾಗಿದೆ,
ಮಹೀ ದಡದಲ್ಲಿ ನನ್ನವರ ಜೊತೆ ಇದ್ದೇನೆ,
ಗುಡಿಸಲಿಗೆ ಸೂರಿದೆ, ಬೆಂಕಿ ಹೊತ್ತಿದೆ,
ಬೇಕಾದರೆ ಸುರಿ ಮಳೆರಾಯ.

ಬುದ್ಧ ಉತ್ತರಿಸುತ್ತಾನೆ:

ಕೋಪ ಹೋಗಿದೆ, ಮೊಂಡುತನ ಹೋಗಿದೆ,
ಮಹೀ ದಡದಲ್ಲಿ ಒಂದು ರಾತ್ರಿ ಇದ್ದೇನೆ,
ಗುಡಿಸಲು ತೆರೆದಿದೆ, ಬೆಂಕಿ ಆರಿದೆ,
ಬೇಕಾದರೆ ಸುರಿ ಮಳೆರಾಯ.

ಹೀಗೇ ಮಾತಿಗೆ ಮಾತು ಕಟ್ಟುತ್ತಾ ಹೋಗುತ್ತದೆ. ಕೊನೆಗೆ ನಿಜವಾಗಿಯೂ ಮಳೆ ಸುರಿದು ತಗ್ಗು ದಿಣ್ಣೆ ಎಲ್ಲ ತುಂಬುತ್ತದೆ. ಮಳೆಗಾಲದ ಒಂದು ಸಂಜೆ ಇಬ್ಬರು ಕೂತು ಎದುರುಬದುರು ಓದಿ ನೋಡಿ.

ಥೇರಿಗಾಥಾ ಬಿಡಬೇಡಿ. ಮೊದಲ ಕಾಲದ ಭಿಕ್ಷುಣಿಯರ 73 ಹಾಡುಗಳು. ಮುತ್ತಾ ಎಂಬಾಕೆ ಮೂರು ಸೊಟ್ಟಗಳಿಂದ ಬಿಡುಗಡೆ ಸಿಕ್ಕಿತು ಎಂದು ಹಾಡುತ್ತಾಳೆ: ಒರಳು, ಒನಕೆ, ಗೂನು ಗಂಡ. ಆಮೇಲೆ ಹುಟ್ಟು ಸಾವಿನಿಂದಲೂ ಬಿಡುಗಡೆ ಎನ್ನುತ್ತಾಳೆ. ಅಕ್ಕನ ವಚನ ಓದಿದ ಕನ್ನಡದ ಕಿವಿಗೆ ಈ ದನಿ ಪರಿಚಯ ಎನ್ನಿಸುತ್ತದೆ. ಕಾಲ, ನಂಬಿಕೆ ಎರಡೂ ಬೇರೆ, ಅದು ಗೊತ್ತಿರಲಿ. ಅಂಬಪಾಲಿಯದೂ ಇಲ್ಲಿ ಒಂದು ಹಾಡು ಇದೆ. ತನ್ನ ಕೂದಲು, ಹುಬ್ಬು, ಕಣ್ಣು, ದನಿ ಹೇಗಿದ್ದವು, ಈಗ ಹೇಗಾದವು ಎಂದು ಒಂದೊಂದೇ ಹೇಳುತ್ತಾಳೆ.

ಹಂತ 8: ಈಗ ಬೋಧೆಯ ತಿರುಳು

ಇಷ್ಟು ಆದ ಮೇಲೆ ಸಂಯುತ್ತ 56.11 ತೆಗೆಯಿರಿ. ಸಾರನಾಥದಲ್ಲಿ ಐದು ಜನರಿಗೆ ಕೊಟ್ಟ ಮೊದಲ ಉಪದೇಶ. ನಾಲ್ಕು ಸತ್ಯ, ಎಂಟು ಅಂಗದ ದಾರಿ ಎಲ್ಲ ಇಲ್ಲಿವೆ. ಇದನ್ನು ಮೊದಲೇ ಓದಿದರೆ ಪರೀಕ್ಷೆಗೆ ಉರು ಹೊಡೆಯುವ ಪಟ್ಟಿಯಂತೆ ಕಾಣುತ್ತದೆ. ಅದಕ್ಕೇ ತಡ ಮಾಡಿದ್ದು. ಇದಾದ ಮೇಲೆ ಸಂಯುತ್ತ 22.59 ಮತ್ತು 35.28 ಓದಿ. ಒಂದು ‘ನಾನು’ ಎಂದುಕೊಂಡದ್ದು ಯಾವುದು ಎಂದು ಕೇಳುತ್ತದೆ. ಇನ್ನೊಂದು ಗಯಾಸೀಸದಲ್ಲಿ, ಹಿಂದೆ ಅಗ್ನಿಪೂಜೆ ಮಾಡುತ್ತಿದ್ದ ಜಟಿಲರಿಗೆ, ಅಂದರೆ ಜಡೆಯ ತಪಸ್ವಿಗಳಿಗೆ, ಎಲ್ಲವೂ ಉರಿಯುತ್ತಿದೆ ಎಂದು ಹೇಳಿದ್ದು. ಬೆಂಕಿ ಗೊತ್ತಿದ್ದವರಿಗೆ ಬೆಂಕಿಯ ಮಾತು.

ಲೋಕ ಶಾಶ್ವತವೋ ಅಲ್ಲವೋ, ಸತ್ತ ಮೇಲೆ ಏನು ಎಂದು ಕೇಳುತ್ತಾ ಕೂರುವ ಸ್ವಭಾವ ನಿಮ್ಮದಾದರೆ ಮಜ್ಝಿಮ 63. ಬಾಣ ನೆಟ್ಟವನು, ‘ಹೊಡೆದವನು ಯಾವ ಕುಲ, ಎತ್ತರವೋ ಗಿಡ್ಡವೋ, ಬಿಲ್ಲಿನ ಹೆದೆ ಯಾವುದರದ್ದು ಎಂದು ತಿಳಿಯುವವರೆಗೆ ಬಾಣ ಕೀಳಬೇಡಿ’ ಎಂದರೆ ಏನಾಗುತ್ತದೆ ಎಂದು ಅಲ್ಲಿ ಕೇಳುತ್ತಾನೆ. ಧ್ಯಾನದ ದಾರಿಗೆ ಮಜ್ಝಿಮ 10.

ಇಲ್ಲಿ ಕನ್ನಡದವರಿಗೆಂದೇ ಒಂದು ಸೇರಿಸುತ್ತೇನೆ. ಅಶೋಕನ ಕಾಲದ ಮೂರನೆಯ ಸಂಗಾಯನದ ನಂತರ ಬೇರೆ ಬೇರೆ ನಾಡುಗಳಿಗೆ ಥೇರರನ್ನು, ಅಂದರೆ ಹಿರಿಯ ಭಿಕ್ಷುಗಳನ್ನು, ಕಳಿಸಿದರು ಎಂದು ಶ್ರೀಲಂಕಾದ ಮಹಾವಂಸ ಹೇಳುತ್ತದೆ. ವನವಾಸಕ್ಕೆ ರಕ್ಖಿತ ಥೇರ ಬಂದ. ವನವಾಸ ಎಂದರೆ ನಮ್ಮ ಬನವಾಸಿ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಅವನು ಅಲ್ಲಿ ಹೇಳಿದ್ದು ಅನಮತಗ್ಗ ಸಂಯುತ್ತ, ಅಂದರೆ ಸಂಯುತ್ತ 15. ಈ ಅಲೆದಾಟದ ಮೊದಲು ಕಾಣುವುದಿಲ್ಲ ಎನ್ನುವ ಪುಟ್ಟ ಸುತ್ತಗಳ ಗುಂಪು. ‘ನೀವು ಇಷ್ಟು ಕಾಲ ಸುರಿಸಿದ ಕಣ್ಣೀರು ಜಾಸ್ತಿಯೋ, ನಾಲ್ಕು ಸಮುದ್ರದ ನೀರು ಜಾಸ್ತಿಯೋ?’ ಎಂದು 15.3ರಲ್ಲಿ ಕೇಳುತ್ತಾನೆ. ‘ಹಿಂದೊಮ್ಮೆ ನಿಮಗೆ ತಾಯಿ ಆಗಿರದ ಜೀವವನ್ನು ಕಾಣುವುದು ಸುಲಭವಲ್ಲ’ ಎನ್ನುತ್ತದೆ 15.14. ಮಹಾವಂಸ ಬರೆದದ್ದು ಏಳೆಂಟು ನೂರು ವರ್ಷಗಳ ನಂತರ. ಹಾಗಾಗಿ ಇದನ್ನು ಪರಂಪರೆಯ ಮಾತು ಎಂದೇ ತೆಗೆದುಕೊಳ್ಳಿ. ಆದರೂ ಈ ನೆಲಕ್ಕೆ ಮೊದಲು ಬಂದ ಪಾಠ ಎಂದು ಹೇಳುವ ಪುಟಗಳನ್ನು ಓದುವ ಖುಷಿ ಬೇರೆ.

ಹಂತ 9: ವಿನಯವನ್ನು ಕಥೆಗಾಗಿ ಓದಿ

ನಿಯಮ ನಮಗೆ ಬೇಡ, ಸರಿ. ಆದರೆ ಪ್ರತಿ ನಿಯಮದ ಹಿಂದೆ ಅದು ಯಾಕೆ ಬಂತು ಎಂಬ ಘಟನೆ ಇದೆ. ಮಹಾವಗ್ಗದಲ್ಲಿ ರಾಹುಲನ ಕಥೆ ನೋಡಿ. ಬುದ್ಧ ಕಪಿಲವತ್ಥುವಿಗೆ ಬಂದಾಗ ತಾಯಿ ಮಗನಿಗೆ, ‘ಅವರು ನಿನ್ನಪ್ಪ, ಹೋಗಿ ಆಸ್ತಿ ಕೇಳು’ ಎಂದು ಕಳಿಸುತ್ತಾಳೆ. ಹುಡುಗ ‘ಆಸ್ತಿ ಕೊಡು’ ಎಂದು ಹಿಂದೆಯೇ ಹೋಗುತ್ತಾನೆ. ಬುದ್ಧ ತನ್ನ ಶಿಷ್ಯ ಸಾರಿಪುತ್ತನಿಗೆ ಹೇಳಿ ಅವನಿಗೆ ಪ್ರವ್ರಜ್ಯೆ, ಅಂದರೆ ಸನ್ಯಾಸ, ಕೊಡಿಸುತ್ತಾನೆ. ಅಜ್ಜ ಸುದ್ಧೋದನ ಬಂದು ಸಂಕಟ ಹೇಳಿಕೊಳ್ಳುತ್ತಾನೆ. ನೀನು ಹೋದಾಗ ನೋವಾಯಿತು, ನಿನ್ನ ತಮ್ಮ ನಂದ ಹೋದಾಗ ಆಯಿತು, ರಾಹುಲ ಹೋದಾಗ ಹೇಳತೀರದು. ಮಕ್ಕಳ ಮೇಲಿನ ಪ್ರೀತಿ ಚರ್ಮ ಸೀಳುತ್ತದೆ, ಮಾಂಸ ಸೀಳುತ್ತದೆ, ಮೂಳೆ ಸೀಳಿ ಮಜ್ಜೆಗೆ ಹೋಗಿ ನಿಲ್ಲುತ್ತದೆ. ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ಪ್ರವ್ರಜ್ಯೆ ಕೊಡಬಾರದು ಎಂಬ ನಿಯಮ ಬಂದದ್ದು ಆ ದಿನ.

ಅದೇ ಮಹಾವಗ್ಗದಲ್ಲಿ, ಭೇದಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಮತ್ತು ಆನಂದ ತೊಳೆದು ಎತ್ತಿ ಮಲಗಿಸುವ ಪುಟ ಇದೆ. ಉಳಿದವರು ಯಾಕೆ ನೋಡಲಿಲ್ಲ ಎಂದರೆ, ‘ಅವನಿಂದ ನಮಗೇನೂ ಉಪಯೋಗ ಇರಲಿಲ್ಲ’ ಎಂಬ ಉತ್ತರ. ‘ನಿಮಗೆ ಇಲ್ಲಿ ಅಪ್ಪ ಅಮ್ಮ ಇಲ್ಲ. ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಯಾರು ನೋಡುತ್ತಾರೆ? ನನ್ನ ಸೇವೆ ಮಾಡಬೇಕು ಎನ್ನುವವನು ರೋಗಿಯ ಸೇವೆ ಮಾಡಲಿ’ ಎನ್ನುತ್ತಾನೆ.

ಹಂತ 10: ಮುಂದಕ್ಕೆ

ಒಂದು ಸುತ್ತ ಪಾಳಿಯಲ್ಲಿ ಮಾತ್ರ ಉಳಿದಿದೆ ಎಂದುಕೊಳ್ಳಬೇಡಿ. ಬೇರೆ ಪಂಥಗಳು ಕಾಪಾಡಿಕೊಂಡ ಇದೇ ಸುತ್ತಗಳು 4 ಮತ್ತು 5ನೇ ಶತಮಾನದಲ್ಲಿ ಚೀನಿ ಭಾಷೆಗೆ ಹೋದವು. ಅಲ್ಲಿ ಅವುಗಳ ಹೆಸರು ಆಗಮ. ಗಾಂಧಾರದ ಕಡೆ ಭೂರ್ಜಪತ್ರದ ಮೇಲೆ ಖರೋಷ್ಠಿಯಲ್ಲಿ ಬರೆದ ಚೂರುಗಳೂ ಸಿಕ್ಕಿವೆ. ಸುತ್ತಸೆಂಟ್ರಲ್‌ನಲ್ಲಿ ಪ್ರತಿ ಸುತ್ತದ ಜೊತೆ ಅದರ ಸೋದರ ಪಾಠಗಳ ಪಟ್ಟಿ ಇರುತ್ತದೆ. ನಿಮಗೆ ಇಷ್ಟವಾದ ಒಂದು ಸುತ್ತ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊರಿನ ಹೆಸರು, ಕ್ರಮ ಬದಲಾಗಿರುತ್ತದೆ. ತಿರುಳು ಬಹಳ ಸಲ ಅದೇ ಇರುತ್ತದೆ.

ಅಟ್ಠಕಥೆಗಳನ್ನು ಬೇಕಾದಾಗ ಮಾತ್ರ ತೆಗೆಯಿರಿ. 5ನೇ ಶತಮಾನದಲ್ಲಿ ಅನುರಾಧಪುರದಲ್ಲಿ ಕೂತು ಬುದ್ಧಘೋಸ ಬರೆದದ್ದು ತುಂಬಾ ಸಹಾಯಕ್ಕೆ ಬರುತ್ತದೆ. ಆದರೆ ಮೂಲ ಒಂದು ಸಲ ನಿಮ್ಮಷ್ಟಕ್ಕೆ ಓದಿದ ಮೇಲೆ.

ಅಭಿಧಮ್ಮ ಕೊನೆಗೆ. ಅದರ ಕೊನೆಯ ಪುಸ್ತಕ ಪಟ್ಠಾನ 24 ಬಗೆಯ ಪಚ್ಚಯಗಳನ್ನು, ಅಂದರೆ ಒಂದರಿಂದ ಒಂದು ಉಂಟಾಗುವ ರೀತಿಗಳನ್ನು, ಎಲ್ಲ ದಿಕ್ಕಿನಿಂದಲೂ ಜೋಡಿಸಿ ನೋಡುತ್ತದೆ. ಬರ್ಮಾದಲ್ಲಿ ಇದನ್ನು ಹಗಲು ರಾತ್ರಿ ಬಿಡದೆ ಪಠಿಸುತ್ತಾರೆ. ಒಬ್ಬರೇ ಸುಮ್ನೆ ಕೂತು ಅರ್ಥ ಮಾಡಿಕೊಳ್ಳುವ ಪುಸ್ತಕ ಅದಲ್ಲ. ಹೇಳಿಕೊಡುವವರು ಸಿಗುವವರೆಗೆ ಆ ಹೊತ್ತನ್ನು ಸಂಯುತ್ತ 36ಕ್ಕೆ ಕೊಡಿ. ಅದರ ಆರನೆಯ ಸುತ್ತದಲ್ಲಿ ಎರಡು ಬಾಣಗಳ ಮಾತು ಬರುತ್ತದೆ: ಒಂದು ಮೈಗೆ ನೆಡುವುದು, ಇನ್ನೊಂದು ಅದಕ್ಕಾಗಿ ಗೋಳಾಡಿ ನಾವೇ ಮನಸ್ಸಿಗೆ ನೆಟ್ಟುಕೊಳ್ಳುವುದು. ಮಜ್ಝಿಮ 63ರ ಬಾಣದ ಜೊತೆ ಇಟ್ಟು ಓದಿ.